ಇರ್ಲಿ, ಮುಂದ ಬರ್ತದ

ಸೊಲ್ಲಾಪುರದಲ್ಲಿ ಮುಂಜಾನೆ ಘಂಟಾಗಾಡಿ ಬಂತೆಂದರೆ ಓಣಿಯ ಹೆಂಗಸರೆಲ್ಲ ಎರಡೆರಡು ಬಕೆಟ್ ಹಿಡಿದು ಹೊರಗೆ ಬರುತ್ತಾರೆ. ಒಂದರಲ್ಲಿ ಹಸಿ ಕಸ, ಇನ್ನೊಂದರಲ್ಲಿ ಒಣ ಕಸ. ನಾನು ಒಂದೇ ಬಕೆಟ್ ಒಯ್ಯುತ್ತೇನೆ. ಗಾಡಿಯ ಹುಡುಗ ಮೊದಮೊದಲು "ಸುಕ್ಕಾ ಕಚರಾ ಕುಠೆ, ಕಾಕೂ?" ಎಂದು ಕೇಳುತ್ತಿದ್ದ. ಈಗ ಕೇಳುವುದನ್ನು ಬಿಟ್ಟಿದ್ದಾನೆ. ನಮ್ಮ ಮನೆಯಲ್ಲಿ ಒಣ ಕಸ ಹುಟ್ಟುವುದಿಲ್ಲವೆಂದು ಅವನು ತಿಳಿದಿರಬೇಕು. ಹುಟ್ಟುತ್ತದೆ, ಬೇಕಾದಷ್ಟು ಹುಟ್ಟುತ್ತದೆ. ಹೊಸ್ತಿಲು ಮಾತ್ರ ದಾಟುವುದಿಲ್ಲ. ನಮ್ಮ ಮನೆಯವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಹೊಸ್ತಿಲಲ್ಲೇ ಕಾವಲು ಕೂತಿದ್ದಾರೆ.

ನೌಕರಿಯನ್ನೆಲ್ಲ ನೋಟು ಎಣಿಸುವುದರಲ್ಲಿ ಕಳೆದ ಕೈ ಅದು. ನಿವೃತ್ತಿಯ ಮರುದಿನ ಏನು ಎಣಿಸಬೇಕೋ ತಿಳಿಯದೆ ಖಾಲಿ ಕಡ್ಡಿಪೆಟ್ಟಿಗೆ ಎಣಿಸತೊಡಗಿತು. ಆಮೇಲೆ ಊದುಬತ್ತಿಯ ಕೊಳವೆ, ಗುಳಿಗೆಯ ಡಬ್ಬಿ, ಹೊಸ ಅಂಗಿಯ ಬೆನ್ನಿಗೆ ಕೊಟ್ಟ ರಟ್ಟು, ಪೇಢೆಯ ಪೆಟ್ಟಿಗೆ, ಕಾಲನಿರ್ಣಯ ಕ್ಯಾಲೆಂಡರಿನ ಮುಗಿದ ತಿಂಗಳುಗಳು, ಇಷ್ಟೂ ಒಂದೊಂದಾಗಿ ಖಾತೆಗೆ ಜಮೆಯಾದವು. ನಾನು ಒಗೆಯಲು ಕೈಯಲ್ಲಿ ಹಿಡಿದದ್ದೇ ತಡ, ಒಳಗಿನಿಂದ ದನಿ ಬರುತ್ತದೆ: "ಏ, ಒಗೀಬ್ಯಾಡ. ಇರ್ಲಿ, ಮುಂದ ಬರ್ತದ."

ಮಲಗುವ ಕೋಣೆಯ ಮಂಚದ ಕೆಳಗೆ ಮೂರು ಖೋಕೆಗಳಿವೆ. ಬ್ಯಾಂಕಿನ ಅಚ್ಚುಕಟ್ಟಾದ ಅಕ್ಷರದಲ್ಲಿ ಒಂದರ ಮೇಲೆ 'ಉಪಯೋಗಕ್ಕೆ ಬರುವವು', ಎರಡನೆಯದರ ಮೇಲೆ 'ಉಪಯೋಗಕ್ಕೆ ಬರಬಹುದಾದವು', ಮೂರನೆಯದರ ಮೇಲೆ 'ಸಂಶಯಾಸ್ಪದ. ಒಗೆಯಬಾರದು'. ವಸೂಲಾಗದ ಸಾಲವನ್ನು ಬ್ಯಾಂಕಿನವರು ಎಷ್ಟೋ ಕಾಲ ಪುಸ್ತಕದಿಂದ ತೆಗೆಯುವುದಿಲ್ಲವಂತೆ. ಆ ಅಭ್ಯಾಸ ಮಂಚದ ಕೆಳಗೂ ಬಂದಿದೆ.

ಲಗ್ನಪತ್ರಿಕೆಗಳದು ಬೇರೆಯೇ ಕತೆ. ನಮ್ಮ ಗಡಿಭಾಗದ ಪತ್ರಿಕೆ ಸಾಮಾನ್ಯವಾದುದಲ್ಲ. ಒಂದು ಬದಿ ಮರಾಠಿ, ಇನ್ನೊಂದು ಬದಿ ಕನ್ನಡ. ನೆತ್ತಿಯಲ್ಲಿ ಗಣಪತಿ, ಎಡಬಲಕ್ಕೆ ಸಿದ್ಧರಾಮೇಶ್ವರರು ಮತ್ತು ಅಕ್ಕಲಕೋಟೆಯ ಸ್ವಾಮಿ ಸಮರ್ಥರು, ಅವರ ಕೆಳಗೆ ಮನೆದೇವರು, ಅದರ ಕೆಳಗೆ ಮಠದ ಅಪ್ಪನವರು. ಇಷ್ಟು ಮಂದಿ ಕೂತ ಮೇಲೆ ವಧೂವರರಿಗೆ ಉಳಿಯುವುದು ಅಂಗೈಯಗಲ ಜಾಗ. ಇಂಥ ಪತ್ರಿಕೆಯನ್ನು ಕಸಕ್ಕೆ ಹಾಕಲು ಬರುವುದಿಲ್ಲ, ಒಲೆಗೆ ಹಾಕಲು ಬರುವುದಿಲ್ಲ. ನೀರಿಗೆ ಬಿಡೋಣವೆಂದರೆ ಕೆರೆ ಹೊಲಸು ಮಾಡಬೇಡಿರೆಂದು ಬೈಯುತ್ತಾರೆ. ಅದಕ್ಕೇ ನಮ್ಮವರು ಸಣ್ಣ ಕತ್ತರಿ ಹಿಡಿದು ದೇವರನ್ನೆಲ್ಲ ಅಂಚು ಹರಿಯದಂತೆ ಬಿಡಿಸಿ, ದೇವರ ಪ್ರಕಾರ ಲಕೋಟೆ ಮಾಡಿ ಇಟ್ಟರು. ಗಣಪತಿಗೆ ಎರಡು ಲಕೋಟೆ ಬೇಕಾದವು. ಎಲ್ಲರನ್ನೂ ಒಂದು ಹಳೇ ಕ್ಯಾರಂ ಹಲಗೆಯ ಮೇಲೆ ಅಂಟಿಸಿ, ಸುತ್ತ ನನ್ನ ಒಡೆದ ಬಳೆ, ಉದುರಿದ ಗುಂಡಿ, ತುಂಡಾದ ಜರಿ ಕೂಡಿಸಿ 'ಸರ್ವದೇವತಾ ದರ್ಶನ' ಸಿದ್ಧವಾಯಿತು. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಅದನ್ನು ತೂಗುಹಾಕುವುದು ಎಲ್ಲಿ? ಬಚ್ಚಲಿಗೆ ಹೋಗುವ ದಾರಿಯಲ್ಲಿ ಕೂಡದು, ಕಾಲು ಚಾಚುವ ಕಡೆ ಕೂಡದು. ಕೊನೆಗೆ ಟಿವಿಯ ಗೋಡೆ ಅದಕ್ಕಾಯಿತು, ಟಿವಿ ಅಡುಗೆಮನೆಗೆ ಬಂತು. ನನ್ನದೇನೂ ತಕರಾರಿಲ್ಲ. ಬಂದ ಮುದುಕಿಯರು ಮಾತ್ರ ಅದರ ಮುಂದೆ ಕೈಮುಗಿದು ಒಂದೊಂದು ರೂಪಾಯಿ ಇಡುತ್ತಾರೆ. ನಮ್ಮವರು ಅದನ್ನೂ ಎಣಿಸಿ ಬರೆದಿಡುತ್ತಾರೆ.

ನಾನು ಅಕ್ಕಲಕೋಟೆಯವಳು. ರದ್ದಿಯಿಂದ ಏನಾದರೂ ಮಾಡುವುದನ್ನು ಮೊದಲು ನೋಡಿದ್ದು ಯೂಟ್ಯೂಬಿನಲ್ಲಲ್ಲ, ನಮ್ಮ ಆಯಿಯ ಅಂಗಳದಲ್ಲಿ. ಯುಗಾದಿ ಮುಗಿದು ಬಿಸಿಲು ಬಲಿಯಿತೆಂದರೆ ಆಯಿ ವರ್ಷದ ರದ್ದಿಯನ್ನೆಲ್ಲ ಹೊರಗೆ ಹಾಕಿ, ಚೂರುಚೂರು ಹರಿದು, ದೊಡ್ಡ ಬೋಗುಣಿಯಲ್ಲಿ ನೆನೆಯಿಡುತ್ತಿದ್ದಳು. ಮುತ್ಯಾ ಓದುವುದು ಕನ್ನಡ ಪತ್ರಿಕೆ, ಕಾಕಾ ಓದುವುದು ಮರಾಠಿ ಪತ್ರಿಕೆ. 1967ರ ಮಹಾಜನ ವರದಿ ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತಲ್ಲ, ಅಂದಿನಿಂದ ಎರಡು ಪತ್ರಿಕೆಗಳೂ ಎರಡು ಬಗೆಯಾಗಿ ಬರೆಯುತ್ತಿದ್ದವು, ಊಟಕ್ಕೆ ಕೂತ ಅಪ್ಪ-ಮಗ ಎರಡು ಬಗೆಯಾಗಿ ವಾದಿಸುತ್ತಿದ್ದರು. ಆಯಿ ಎರಡನ್ನೂ ಒಂದೇ ಬೋಗುಣಿಯಲ್ಲಿ ನೆನೆಸುತ್ತಿದ್ದಳು. ಮೂರ್ನಾಲ್ಕು ದಿನಕ್ಕೆ ಕನ್ನಡ ಯಾವುದು, ಮರಾಠಿ ಯಾವುದು ಗುರುತು ಸಿಗುತ್ತಿರಲಿಲ್ಲ.

ನೆನೆದ ಕಾಗದದ ನೀರು ಹಿಂಡಿ ಒಳ್ಳಿನಲ್ಲಿ ಹಾಕಿ ಕುಟ್ಟಬೇಕು. ರಾತ್ರಿಯೇ ನೆನೆಸಿಟ್ಟ ಮೆಂತೆಕಾಳನ್ನು ನುಣ್ಣಗೆ ಅರೆದು ಅದರಲ್ಲಿ ಕಲಸಬೇಕು. ಮೆಂತೆಯ ಲೋಳೆ ಕಾಗದದ ನಾರನ್ನು ಹಿಡಿದು ಕೂಡಿಸುತ್ತದೆ, ಅದರ ಕಹಿಗೆ ಹುಳ ಹತ್ತಿರ ಸುಳಿಯುವುದಿಲ್ಲ. ಬಳಿಕ ಅಗಲವಾದ ಪಾತೇಲಿಯನ್ನು ಬೋರಲು ಹಾಕಿ, ಒದ್ದೆ ಅರಿವೆ ಸುತ್ತಿ, ಅದರ ಮೇಲೆ ಈ ಹಿಟ್ಟನ್ನು ರೊಟ್ಟಿ ಬಡಿದ ಹಾಗೆ ಬಡಿಯುತ್ತ ಹೋಗುವುದು. ತೆಳ್ಳಗಾದರೆ ಸೀಳು ಬಿಡುತ್ತದೆ, ದಪ್ಪಗಾದರೆ ಒಳಗೆ ಒಣಗದೆ ನಾರುತ್ತದೆ. ಆಯಿ ಬೆರಳಿನಿಂದ ಒತ್ತಿ ನೋಡಿಯೇ ಅಂದಾಜು ಹೇಳುತ್ತಿದ್ದಳು. ನಮ್ಮ ಕಡೆ ಬೇಸಿಗೆ 42-43 ಡಿಗ್ರಿಗೆ ಹೋಗುತ್ತದೆ. ಮನುಷ್ಯರಿಗೆ ಬೇಡವಾದ ಆ ಬಿಸಿಲು ಶಂಡಿಗೆಗೂ ಈ ಬುಟ್ಟಿಗೂ ಹೇಳಿ ಮಾಡಿಸಿದ್ದು. ಒಣಗಿ ಟಣ್ ಎಂದ ಮೇಲೆ ಪಾತೇಲಿಯಿಂದ ಬಿಡಿಸಿ, ಹುಣಸೆಬೀಜದ ಅಂಟು ಸವರಿ, ಕೆಮ್ಮಣ್ಣು ಬಳಿದು, ಸುಣ್ಣದಲ್ಲಿ ಚುಕ್ಕೆ ಇಡುವುದು. ಅಂಚಿಗೆ ಹಳೇ ಇಳಕಲ್ ಸೀರೆಯ ದಡಿ. ಕಂಠದ ಸುತ್ತ ಬಳೆಚೂರು. ಅದರಲ್ಲಿ ಕಡಕ ರೊಟ್ಟಿ ಇಟ್ಟರೆ ಎಷ್ಟು ದಿನವಾದರೂ ಮೆತ್ತಗಾಗುತ್ತಿರಲಿಲ್ಲ. ಒಂದು ಬುಟ್ಟಿ ನನ್ನ ಜೊತೆ ಸೊಲ್ಲಾಪುರಕ್ಕೆ ಬಂದು ಇಂದಿಗೂ ಶೇಂಗಾ ಹೊತ್ತು ಕೂತಿದೆ. ಮನೆಯಲ್ಲಿ ಇರುವ ಅಲಂಕಾರದ ವಸ್ತುಗಳ ಪೈಕಿ ಕೆಲಸ ಮಾಡುವುದು ಅದೊಂದೇ. ಉಳಿದವೆಲ್ಲ ನನ್ನಿಂದ ಧೂಳು ಒರೆಸಿಕೊಳ್ಳುತ್ತವೆ.

ಈ ಬುಟ್ಟಿಯ ವಿದ್ಯೆಯನ್ನು ನಮ್ಮವರು ನನ್ನಿಂದ ಕೇಳಿ ಬರೆದುಕೊಂಡರು. ಒಳ್ಳು ಈಗ ಎಲ್ಲಿದೆ? ನಾನು ಗುಡಿಗೆ ಹೋದ ಹೊತ್ತು ನೋಡಿ ಕಾಗದವನ್ನು ನನ್ನ ಮಿಕ್ಸರಿನ ಜಾರಿಗೆ ಹಾಕಿದ್ದಾರೆ. ತೊಳೆದೂ ಇಟ್ಟಿದ್ದಾರೆ, ಗಂಡಸರು ತೊಳೆಯುವ ಹಾಗೆ. ಮರುದಿನ ಅತಿಥಿಗಳ ತಾಟಿನಲ್ಲಿ ಶೇಂಗಾ ಚಟ್ನಿಯ ಜೊತೆ ಒಂದು ತುಣುಕು ಬಂತು. ಅಕ್ಷರ ಸ್ಪಷ್ಟವಾಗಿ ಓದಲು ಬರುತ್ತಿತ್ತು: 'ನಿಧನ ವಾರ್ತೆ'.

ಪುಣೆಯಲ್ಲಿ ಚಿತ್ರಕಲೆ ಕಲಿಯುವ ಮೈದುನನ ಮಗಳು ದೀಪಾವಳಿಗೆ ಬಂದು ಇವರ ತಲೆ ಇನ್ನಷ್ಟು ಕೆಡಿಸಿದಳು. "ದೊಡ್ಡಪ್ಪಾ, ಇದಕ್ಕ ಮಿಕ್ಸೆಡ್ ಮೀಡಿಯಾ ಅಂತಾರ. ಪಿಕಾಸೊ 1912ರಾಗ ಹಿಂಗ ಮಾಡ್ಯಾನ. ಕುರ್ಚಿ ಬೆತ್ತದ ಅಚ್ಚಿನ ಒಂದು ಮೇಣಗಪಡ ಅಂಟಿಸಿ, ಸುತ್ತಲೂ ಹಗ್ಗಾನ ಚೌಕಟ್ಟು ಹಾಕ್ಯಾನ. ಪ್ಯಾರಿಸಿನ ಮ್ಯೂಸಿಯಮ್ಮಿನಾಗ ಇಟ್ಟಾರ." ಅವತ್ತಿನಿಂದ ನಮ್ಮವರು ಪ್ರತಿಯೊಂದರ ಬಲಗಡೆ ಕೆಳಮೂಲೆಯಲ್ಲಿ ಸಹಿ ಹಾಕುತ್ತಾರೆ. ಡ್ರಾಫ್ಟಿನ ಮೇಲೆ ಹಾಕುತ್ತಿದ್ದ ಅದೇ ಸಹಿ, ಕೆಳಗೆ ತಾರೀಖು.

ಇದಕ್ಕೆ ಪಿಕಾಸೊನ ಸಾಕ್ಷಿ ಬೇಕಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಬಾಸಿಂಗ ಕಟ್ಟುವವರ ಅಂಗಡಿಗೆ ಹೋಗಿ ನೋಡಿ. ರಟ್ಟು, ಬಣ್ಣದ ಕಾಗದ, ಬೇಗಡೆ, ಜರಿ, ಮಣಿ, ಚಮಕಿ ಎಲ್ಲ ಒಂದೇ ಗೇಣಿನಲ್ಲಿ ಕೂಡಿರುತ್ತವೆ, ಯಾರೂ ಅದಕ್ಕೆ ಸಹಿ ಹಾಕುವುದಿಲ್ಲ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಂತೂ ಮನುಷ್ಯರಿಗಷ್ಟೇ ಅಲ್ಲ, ನಂದಿಧ್ವಜಕ್ಕೂ ಬಾಸಿಂಗ. 12ನೆಯ ಶತಮಾನದ ಶಿವಯೋಗಿ ಸಿದ್ಧರಾಮನನ್ನೇ ಮದುವೆಯಾಗುತ್ತೇನೆಂದು ಕುಂಬಾರ ಕನ್ಯೆ ಹಟ ಹಿಡಿದಳಂತೆ. ಅವನು ತನ್ನ ಯೋಗದಂಡದೊಡನೆ ಮದುವೆಗೆ ಒಪ್ಪಿದನಂತೆ. ಆ ಲಗ್ನವನ್ನೇ ಸೊಲ್ಲಾಪುರ ಇವತ್ತಿಗೂ ವರ್ಷವರ್ಷ ಮಾಡುತ್ತದೆ. ಏಳು ನಂದಿಧ್ವಜಗಳು ಸಮ್ಮತಿ ಕಟ್ಟೆಗೆ ಬಂದು ಅಕ್ಷತೆ ಬೀಳುವಾಗ ಬಿಳಿ ಬಾರಾಬಂದಿ ತೊಟ್ಟ ಜನರ ನಡುವೆ ಕಾಲಿಡಲು ಜಾಗವಿರುವುದಿಲ್ಲ. ನಮ್ಮವರು ಆ ಗದ್ದಲದಲ್ಲೂ ಕತ್ತೆತ್ತಿ ಬಾಸಿಂಗವನ್ನೇ ನೋಡುತ್ತ, "ಹಿಂದಿನ ರಟ್ಟು ಯಾವುದು ಹಾಕ್ಯಾರಂತಿ?" ಎಂದು ನನ್ನನ್ನು ಕೇಳಿದರು.

2018ರ ಜೂನಿನಲ್ಲಿ ಮಹಾರಾಷ್ಟ್ರದ ಪ್ಲಾಸ್ಟಿಕ್ ನಿಷೇಧ ಜಾರಿಗೆ ಬಂದು ಥರ್ಮೋಕೋಲಿಗೂ ಸಂಚಕಾರವಾಯಿತು. ಅಲ್ಲಿಯವರೆಗೆ ಗಣಪತಿಯ ಮಖರ, ಮಹಾಲಕ್ಷ್ಮಿಯ ಮಂಟಪ ಎಲ್ಲ ಥರ್ಮೋಕೋಲಿನದೇ. ಪೇಟೆಯಿಂದ ತಂದು ನಿಲ್ಲಿಸಿದರಾಯಿತು. ಸರಕಾರದ ಆ ಆದೇಶವನ್ನು ನಮ್ಮವರು ತಮ್ಮ ಹೆಸರಿಗೇ ಬಂದ ಪತ್ರವೆಂದು ಓದಿಕೊಂಡರು. ಸೊಲ್ಲಾಪುರದಲ್ಲಿ ಪವರ್‌ಲೂಮಿಗೇನು ಕಡಿಮೆ? ಚಾದರ, ಟವೆಲ್ ನೇಯುವಲ್ಲಿ ನೂಲು ಮುಗಿದ ಕಾಗದದ ಕೋನುಗಳು ರಾಶಿ ಬಿದ್ದಿರುತ್ತವೆ. ಒಂದು ಚೀಲ ಅಲ್ಲಿಂದ ಬಂತು. ಶಾಲೆಯ ಯೂನಿಫಾರ್ಮ್ ಹೊಲಿಯುವುದರಲ್ಲಿ ಈ ಊರು ಹೆಸರುವಾಸಿ. ಅಲ್ಲಿಂದ ಒಂದು ಗಂಟು ಚಿಂದಿ ಬಂತು, ಖಾಕಿ ಮತ್ತು ಕಡುನೀಲಿ. ಕೋನುಗಳನ್ನು ಒಂದರ ಮೇಲೊಂದು ಏರಿಸಿ ಕಂಬ, ಶಿಖರ. ಚಿಂದಿ ಜೋಡಿಸಿ ಪರದೆ. ಮುಂದೆ ಕೆರೆಯ ನಡುವಿನ ಸಿದ್ಧೇಶ್ವರ ಗುಡಿ ರಟ್ಟಿನಲ್ಲಿ. ಕೆರೆಗೆ ಚಿಪ್ಸ್ ಪೊಟ್ಟಣಗಳ ಬೆಳ್ಳಿ ಬಣ್ಣದ ಒಳಮೈ.

ಅರಿಷಿಣ-ಕುಂಕುಮಕ್ಕೆ ಬಂದ ಎದುರುಮನೆ ವೈನಿ ಖಾಕಿ-ನೀಲಿ ಪರದೆಯ ಮುಂದೆ ನಿಂತ ಇಬ್ಬರು ಲಕ್ಷ್ಮಿಯರನ್ನು ಬಹಳ ಹೊತ್ತು ನೋಡಿ, "ಅಕ್ಕಾ, ಈ ವರ್ಷ ಲಕ್ಷ್ಮಿದೇವರನ್ನ ಸಾಲಿಗಿ ಹಾಕೀರೇನು?" ಎಂದಳು. ಬಗ್ಗಿ ಕೆರೆಯನ್ನು ಮುಟ್ಟಿ, "ಇದು ಪ್ಲಾಸ್ಟಿಕ್ ಅಲ್ಲೇನ್ರಿ?" ಎಂದೂ ಕೇಳಿದಳು. ನಮ್ಮವರು ಕೇಳಿಸದವರ ಹಾಗೆ ಆರತಿ ತಾಟು ಹುಡುಕತೊಡಗಿದರು.

ಮೊಮ್ಮಗನ ಶಾಲೆಯಲ್ಲಿ 'ಟಾಕಾವೂತೂನ ಟಿಕಾವೂ' ಎಂದು ಪ್ರದರ್ಶನವಿರುತ್ತದೆ. ಹುಡುಗರು ಅದನ್ನು ಹಿಂದಿನ ರಾತ್ರಿ ಊಟವಾದ ಮೇಲೆಯೇ ನೆನಪು ಮಾಡುತ್ತಾರೆ, ಇದು ಎಲ್ಲ ಮನೆಗಳ ಅನುಭವ. ಕಸದಿಂದ ಮಾಡಬೇಕಾದ ಆ ವಸ್ತುವಿಗೆ ನವಿ ಪೇಠಿನಿಂದ ತಂದ ಸಾಮಾನು: ಫೆವಿಕಾಲ್, ಗ್ಲೂ ಗನ್, ಆರು ಬಣ್ಣ, ವಾರ್ನಿಶ್, ಮೂರು ಮೀಟರ್ ಲೇಸು, ಯಾರೂ ತಿನ್ನದ ಐಸ್‌ಕ್ರೀಮಿನ ನೂರು ಕಡ್ಡಿ. ಖಾಲಿ ಬಾಟಲಿ ಬೇಕಾದದ್ದರಿಂದ ತುಂಬಿದ ಎರಡು ಬಾಟಲಿ ತಂದು, ಕೆಮ್ಮಿದ್ದವರೂ ಸೇರಿ ಮನೆಯವರೆಲ್ಲ ರಾತ್ರಿ ಹನ್ನೊಂದಕ್ಕೆ ಕುಡಿದೆವು. ಆ ಬಾಟಲಿಯ ಲಾಂದ್ರಕ್ಕೆ ಎರಡನೆಯ ಬಹುಮಾನ ಬಂತು. ಮೊದಲನೆಯದು ಬಂದ ಹುಡುಗನ ಅಜ್ಜ ನಿವೃತ್ತ ಡ್ರಾಯಿಂಗ್ ಮಾಸ್ತರರಂತೆ. ಇದು ಅನ್ಯಾಯವೆಂದು ನಮ್ಮವರು ಇನ್ನೂ ಹೇಳುತ್ತಾರೆ.

ಇದಕ್ಕೆಲ್ಲ ಹಿರಿಯಕ್ಕ ಎಂದರೆ ರುಖವತ. ಲಗ್ನದ ಮಂಟಪದಲ್ಲಿ ಹೆಣ್ಣಿನ ಕಡೆಯವರು ಹುಡುಗಿಯ ಕೈಕೆಲಸವನ್ನು ಸಾಲಾಗಿ ಹರವಿ ಇಡುವ ಈ ಮರಾಠಿ ಪದ್ಧತಿಯನ್ನು ನಮ್ಮ ಕನ್ನಡದವರೂ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. ನನ್ನ ರುಖವತದಲ್ಲಿ ಬೆಂಕಿಕಡ್ಡಿಯ ತುಳಸಿಕಟ್ಟೆ, ಅಡಿಕೆಗೆ ಮುಂಡಾಸು-ಸೀರೆ ಉಡಿಸಿದ ಮದುಮಕ್ಕಳು, ಕೊಬ್ಬರಿ ಬಟ್ಟಲಿನ ತೊಟ್ಟಿಲು, ಸಿಗರೇಟು ಪಾಕೀಟಿನ ಬೆಳ್ಳಿ ಹಾಳೆ ಸುತ್ತಿದ ರಥ ಇದ್ದವು. ಆ ಹಾಳೆಗಾಗಿ ನನ್ನ ತಮ್ಮ ಪಾನಂಗಡಿಯ ಮುಂದೆ ದಿನವೂ ನಿಂತದ್ದನ್ನು ಕಂಡು ಊರವರು ಅಪ್ಪನಿಗೆ ಚಾಡಿ ಹೇಳಿ, ಅವನಿಗೆ ಸೇದದ ಸಿಗರೇಟಿಗೆ ಏಟು ಬಿದ್ದವು. ಟೆಂಪೋದಲ್ಲಿ ಅಕ್ಕಲಕೋಟೆಯಿಂದ ಸೊಲ್ಲಾಪುರದವರೆಗೆ ರಥವನ್ನು ತೊಡೆಯ ಮೇಲೆ ಹೊತ್ತು ತಂದವನೂ ಅವನೇ. ಗಂಡಿನ ಕಡೆಯ ಅತ್ತಿಯರು ಒಂದೊಂದನ್ನೂ ಎತ್ತಿ, ತಿರುವಿ, ಅಂಟು ಎಳೆದು ನೋಡಿ, "ಛಲೋ ಮಾಡ್ಯಾಳ" ಎಂದು ಇಟ್ಟರು. ಆ ತುಳಸಿಕಟ್ಟೆ ನಮ್ಮ ಕಪಾಟಿನ ಮೇಲೆ ಇನ್ನೂ ಇದೆ. 'ಸಂಶಯಾಸ್ಪದ' ಎಂಬ ಚೀಟಿ ಅದಕ್ಕೆ ಮಾತ್ರ ಅಂಟಿಸುವ ಧೈರ್ಯ ಇವರಿಗೆ ಆಗಿಲ್ಲ.

ಈಗ ರುಖವತ ಬಾಡಿಗೆಗೆ ಸಿಗುತ್ತದೆ. ಮುಂಜಾನೆ ತಂದು ಹರವಿ, ಅಕ್ಷತೆ ಬಿದ್ದ ಮೇಲೆ ಎತ್ತಿಕೊಂಡು ಹೋಗುತ್ತಾರೆ. ಕಾಲ ಕೆಟ್ಟಿತೆಂದು ಹಿರಿಯರು ಗೊಣಗುತ್ತಾರೆ. ನನಗೆ ಕೇಳಿದರೆ, ಇಷ್ಟು ಶಹಾಣ್ಯಾ ಪದ್ಧತಿ ಇನ್ನೊಂದಿಲ್ಲ. ನೋಡುವಷ್ಟು ಹೊತ್ತು ನೋಡಿದೆವು, ಸಂಜೆಗೆ ಮನೆ ಖಾಲಿ.

ಆದ್ದರಿಂದ ಒಂದು ವಿನಂತಿ. ಸೊಲ್ಲಾಪುರ, ಅಕ್ಕಲಕೋಟೆ, ಇತ್ತ ಇಂಡಿ, ವಿಜಯಪುರದವರೆಗೆ ಯಾರ ಮನೆಯಲ್ಲಾದರೂ ಲಗ್ನ ಗೊತ್ತಾಗಿದ್ದರೆ ತಿಳಿಸಿರಿ. ಕೋನಿನ ಮಂಟಪ, ಬಾಟಲಿಯ ಲಾಂದ್ರ, ರಟ್ಟಿನ ಗುಡಿ, ಎಲ್ಲ ಸಹಿ-ತಾರೀಖಿನೊಡನೆ ಸಿದ್ಧವಿವೆ. ಬಾಡಿಗೆ ಬೇಡ, ಟೆಂಪೋದ ಖರ್ಚೂ ನಾನೇ ಕೊಡುತ್ತೇನೆ. ಶೇಂಗಾ ಬುಟ್ಟಿ ಮತ್ತು ತುಳಸಿಕಟ್ಟೆ ಕೇಳಬೇಡಿ. ಒಯ್ದದ್ದನ್ನು ಮರಳಿ ತರಲೂ ಬೇಡಿ. ಲಗ್ನಕ್ಕೆ ಕರೆಯುವುದಿದ್ದರೆ ಫೋನಿನಲ್ಲೇ ಕರೆಯಿರಿ, ತಪ್ಪದೆ ಬರುತ್ತೇವೆ. ಪತ್ರಿಕೆ ಮಾತ್ರ ಕಳಿಸಬೇಡಿ.