ಪಟ್ಟ ಕೆರೀಗೆ, ಕಡ್ಲಿ ನಮ್ಮದು

ಗದಗ ಜಿಲ್ಲೆಯಲ್ಲಿ ಗಡಿ ತಕರಾರಿಲ್ಲದ ಚಿರತೆಯನ್ನು ನೋಡಬೇಕೆಂದರೆ ಬಿಂಕದಕಟ್ಟಿಯ ಮೃಗಾಲಯಕ್ಕೇ ಹೋಗಬೇಕು. ತನ್ನ ಸರಹದ್ದು ಎಲ್ಲಿಗೆ ಮುಗಿಯುತ್ತದೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು; ಕಬ್ಬಿಣದ ಸರಳು ಹಾಕಿ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಮಾಂಸ, ಕೆಮ್ಮಿದರೆ ಡಾಕ್ಟರು, ಪುಣ್ಯವಿದ್ದರೆ ದತ್ತು ತೆಗೆದುಕೊಳ್ಳುವ ದಾನಿ. ಯಾವ ಸರ್ಕಾರ ಬಂದರೂ ಬೋನಿನ ಅಧಿಸೂಚನೆ ವಾಪಸಾದದ್ದಿಲ್ಲ.

ಇದೇ ಬಿಂಕದಕಟ್ಟಿಯಿಂದ ಮುಂಡರಗಿ ತಾಲೂಕಿನ ಸಿಂಗಟಾಲೂರಿನವರೆಗೆ 63 ಕಿ.ಮೀ. ಚಾಚಿಕೊಂಡ ಕಪ್ಪತಗುಡ್ಡದ ಚಿರತೆಯ ಹಣೆಬರಹವೇ ಬೇರೆ. 2015ರ ಡಿಸೆಂಬರಿನಲ್ಲಿ ಗುಡ್ಡ ಸಂರಕ್ಷಿತ ಮೀಸಲು ಪ್ರದೇಶವಾಯಿತು, ಚಿರತೆ ಸಂರಕ್ಷಿತವಾಯಿತು. 2016ರ ನವೆಂಬರಿನಲ್ಲಿ ಆದೇಶ ವಾಪಸ್. ಮಲಗಿದ್ದ ಬಂಡೆಯಿಂದ ಏಳದೆಯೇ ಚಿರತೆ ಅನಧಿಕೃತವಾಯಿತು. 2017ರ ಏಪ್ರಿಲ್‌ನಲ್ಲಿ ಮರುನೇಮಕ. 2019ರ ಮೇ ತಿಂಗಳಲ್ಲಿ ಬಡ್ತಿ: 244 ಚದರ ಕಿ.ಮೀ. ವನ್ಯಜೀವಿಧಾಮ. ನಾಲ್ಕು ವರ್ಷದೊಳಗೆ ಇಷ್ಟು ಆದೇಶ ಕಂಡ ನೌಕರನಾಗಿದ್ದರೆ ಆಡಳಿತ ನ್ಯಾಯಮಂಡಳಿಯ (ಕೆಎಟಿ) ಮೆಟ್ಟಿಲು ಹತ್ತಿರುತ್ತಿದ್ದ.

ಆದೇಶ ಹಿಂತೆಗೆದದ್ದಕ್ಕೆ ಕೊಟ್ಟ ಕಾರಣ, ಸ್ಥಳೀಯರ ಅಭಿಪ್ರಾಯ ಕೇಳಿಲ್ಲ ಎಂಬುದು. ಎಂಥ ಪ್ರಜಾಪ್ರೀತಿ! ಆಮೇಲೆ ಸ್ಥಳೀಯರು ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಗದಗದಲ್ಲಿ ಧರಣಿ ಕೂತು, ಧ್ವನಿವರ್ಧಕದಲ್ಲೇ ಅಭಿಪ್ರಾಯ ಹೇಳಿದರು. ವನ್ಯಜೀವಿಧಾಮದ ಆದೇಶ ಬರುವ ಹೊತ್ತಿಗೆ ಸ್ವಾಮೀಜಿ ಇರಲಿಲ್ಲ. 2018ರ ಅಕ್ಟೋಬರಿನಲ್ಲೇ ಲಿಂಗೈಕ್ಯರಾಗಿದ್ದರು. ಗುಡ್ಡದ ಕೆಳಗೆ ಬಂಗಾರವಿದೆ ಎಂಬುದಕ್ಕೂ ಕಡತದ ಓಡಾಟಕ್ಕೂ ಸಂಬಂಧವಿಲ್ಲವೆಂದೇ ನಂಬೋಣ. ನಂಬಿಕೆಗೆ ರಾಯಲ್ಟಿ ಕಟ್ಟಬೇಕಿಲ್ಲ. ಶತಮಾನದ ಹಿಂದೆ ಬ್ರಿಟಿಷ್ ಕಂಪನಿಗಳೂ ಇಲ್ಲಿ ಬಂಗಾರಕ್ಕೆ ಅಗೆದು, ಗಿಟ್ಟದೆ ಗಂಟು ಕಟ್ಟಿದವು. ನಮ್ಮವರಿಗೆ ಆಸೆ ಜಾಸ್ತಿ. ಇನ್ನು ಗುಡ್ಡದ ನೆತ್ತಿಯಲ್ಲಿ ಸಾಲಾಗಿ ರೆಕ್ಕೆ ತಿರುಗಿಸುತ್ತಿರುವ ಗಾಳಿಯಂತ್ರಗಳನ್ನು ಪ್ರಾಣಿಗಣತಿಯಲ್ಲಿ ಯಾವ ಕಲಮಿಗೆ ಬರೆಯುತ್ತಾರೋ, ಗಣತಿದಾರರೇ ಹೇಳಬೇಕು.

ಜಿಲ್ಲೆಯ ಗುಡ್ಡಕ್ಕೇ ಹೀಗಾದರೆ ಜಗತ್ತಿನ ಪಟ್ಟ ಬಂದಾಗ ಏನಾದೀತು? ಅದೂ ಆಗಿದೆ. ಯುನೆಸ್ಕೊ 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಕರ್ನಾಟಕದ್ದು 10. ಬೇರೆ ದೇಶಗಳು ಪಟ್ಟಿಗೆ ಸೇರಿಸಿಕೊಳ್ಳಿರೆಂದು ಕಡತ ಹಿಡಿದು ಕಾಯುತ್ತಿದ್ದರೆ, ನಮ್ಮ ರಾಜ್ಯ ಸರ್ಕಾರ ಮಾತ್ರ ನಮ್ಮ ಕಾಡು ಬಿಟ್ಟುಬಿಡಿ ಎಂದು ಗೋಗರೆಯಿತು. ಅಭಿವೃದ್ಧಿ ನಿಂತುಹೋಗುತ್ತದೆಂಬ ಭಯ. ಆ ಭಯ ಎಷ್ಟು ಸುಳ್ಳು ಎಂಬುದನ್ನು ಘಟ್ಟದ ರಸ್ತೆಗಳೂ ಕುಸಿದ ಮಣ್ಣೂ ಪ್ರತಿ ಮಳೆಗಾಲದಲ್ಲಿ ಸಾಬೀತು ಮಾಡುತ್ತಿವೆ. ಪಟ್ಟ ಕೊಟ್ಟವರ ಪರವಾಗಿ ನಿಗಾ ಇಡುವ ಐಯುಸಿಎನ್ ಸಂಸ್ಥೆ ತಾಣಗಳ ಆರೋಗ್ಯಕ್ಕೆ ನಾಲ್ಕು ದರ್ಜೆ ಇಟ್ಟಿದೆ. 2020ರ ವರದಿಯಲ್ಲಿ ಪಶ್ಚಿಮ ಘಟ್ಟ ಮೂರನೇ ದರ್ಜೆ. ನಮ್ಮ ಲೆಕ್ಕದಲ್ಲಿ ಅದು ಪಾಸು.

ಕಾಗದ ನೋಡದೆ ತಪಾಸಣೆ ಮಾಡುವವರು ಇಲ್ಲವೇ ಇಲ್ಲ ಎಂದಲ್ಲ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬರುತ್ತಾರೆ. ಹೆಸರು ಪಟ್ಟೆತಲೆ ಹೆಬ್ಬಾತು, ಊರು ಮಂಗೋಲಿಯಾ, ಟಿಬೆಟ್ ಕಡೆ. ಹಿಮಾಲಯ ದಾಟಿ ಬಂದರೂ ಟಿಎ, ಡಿಎ ಕೇಳುವುದಿಲ್ಲ. ಪ್ರವಾಸಿ ಮಂದಿರದ ಕೋಣೆಯಲ್ಲಿ ಎಸಿ ಕೆಟ್ಟಿದೆ ಎಂದು ತಕರಾರಿಲ್ಲ. ಕೆರೆ ಸರಿಯಿದ್ದರೆ ಇಳಿಯುತ್ತವೆ, ಇಲ್ಲದಿದ್ದರೆ ಇಲ್ಲ. ಇವು ಎಷ್ಟೋ ವರ್ಷಗಳಿಂದ ಕೊಡುತ್ತ ಬಂದ ವರದಿ ದೊಡ್ಡವರಿಗೆ ತಲುಪಿ, ಮಾಗಡಿ ಕೆರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ್ದು 2024ರಲ್ಲಿ. ಊರು ಖುಷಿಪಟ್ಟಿತು, ಫೋಟೊ ತೆಗೆಸಿಕೊಂಡಿತು. ರಾತ್ರಿ ಇದೇ ಹಕ್ಕಿಗಳು ಮೇಯುವುದು ಸುತ್ತಲಿನ ಹೊಲಗಳಲ್ಲಿ. ಅಲ್ಲಿಯ ರೈತನನ್ನು ಮಾತಾಡಿಸಿ ನೋಡಿ: “ಪಟ್ಟ ಕೆರೀಗೆ ಬಂತ್ರೀ, ಕಡ್ಲಿ ಹೋಗಿದ್ದು ನಮ್ಮದು.” ಜಾಗತಿಕ ಪರಂಪರೆಯ ಊಟದ ಬಿಲ್ಲು ಯಾರ ಹೆಸರಿಗೆ ಎಂಬ ಪ್ರಶ್ನೆಗೆ ಯಾವ ಅಂತರರಾಷ್ಟ್ರೀಯ ನಮೂನೆಯಲ್ಲೂ ಇಷ್ಟು ಚಿಕ್ಕ ಉತ್ತರ ಸಿಗಲಿಕ್ಕಿಲ್ಲ.

ಮಾರ್ಚ್ ಹೊತ್ತಿಗೆ ಹಕ್ಕಿಗಳು ವಾಪಸ್ ಹೊರಡುತ್ತವೆ. ಸರ್ಕಾರದ ಆರ್ಥಿಕ ವರ್ಷ ಮುಗಿಯುವುದೂ ಅದೇ ತಿಂಗಳು. ಅನುದಾನ ಖರ್ಚು ಮಾಡಬೇಕಾದ ಸಮಯಕ್ಕೆ ತಪಾಸಣೆಯವರು ಊರಲ್ಲಿಲ್ಲ ಎಂದರೆ ಯಾವ ಕಚೇರಿಗೆ ತಾನೆ ಬೇಸರವಾದೀತು?