ಏಕಪೌರ ಪಟ್ಟಣದ ಜನಸಂಖ್ಯಾ ಮೀಮಾಂಸೆ

ಕೋಟಿ ಜನರಿರುವ ಊರಿನ ಬಗ್ಗೆ ಪ್ರಬಂಧ ಬರೆಯುವುದು ಸುಲಭ. ಲಕ್ಷವೋ ಎರಡು ಲಕ್ಷವೋ ಹೆಚ್ಚುಕಡಿಮೆಯಾದರೂ ಕೇಳುವವರಿಲ್ಲ. ಪಾಂಡಿತ್ಯ ಒರೆಗೆ ಹತ್ತುವುದು ಒಬ್ಬರನ್ನು ತಪ್ಪಿಲ್ಲದೆ ಎಣಿಸಬೇಕಾದಾಗ. ಆದಕಾರಣ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಬಾಯ್ಡ್ ಕೌಂಟಿಗೆ ಸೇರಿದ ಮೊನೊವೈ ಎಂಬ ಪಟ್ಟಣವನ್ನು ಇಲ್ಲಿ ಚರ್ಚೆಗೆ ಎತ್ತಿಕೊಳ್ಳಲಾಗಿದೆ. ಅಧ್ಯಯನದ ಅವಧಿ 2004ರಿಂದ 2020ರ ಜನಗಣತಿಯವರೆಗೆ. ಅಧ್ಯಯನಕ್ಕೆ ಒಳಪಟ್ಟ ಜನಸಮುದಾಯ ಒಬ್ಬ ಹಿರಿಯ ಮಹಿಳೆ. ಪ್ರಜೆಗಳ ಹೆಸರು ಬಯಲು ಮಾಡಬಾರದೆಂಬುದು ಗಣತಿಶಾಸ್ತ್ರದ ಕಟ್ಟಳೆಯಾದ್ದರಿಂದ ಅವರನ್ನು ಮುಂದೆ 'ಜನತೆ' ಎಂದು ಕರೆಯಲಾಗುವುದು.

ಪೂರ್ವಪಕ್ಷ: ಇದು ಪಟ್ಟಣವೇ ಅಲ್ಲ, ಹಳ್ಳಿ. ನೆಬ್ರಾಸ್ಕಾ ಕಾನೂನಿನ ಪ್ರಕಾರ ಹಳ್ಳಿ ಅನ್ನಿಸಿಕೊಳ್ಳುವುದಕ್ಕೂ 100ರಿಂದ 800 ಜನ ಬೇಕು. ಸಮಾಧಾನ: ಮೇಯರು, ಗುಮಾಸ್ತೆ, ಖಜಾಂಚಿ, ಗ್ರಂಥಪಾಲಕಿ, ಬಾರು, ನಾಲ್ಕು ಬೀದಿ ದೀಪ ಇಷ್ಟೆಲ್ಲ ಇರುವ ಊರನ್ನು ಹಳ್ಳಿ ಎನ್ನಲು ನಾಲಿಗೆ ಏಳುವುದಿಲ್ಲ. ನಮ್ಮ ಕಂದಾಯ ಇಲಾಖೆಯ ಕಡತದ ಭಾಷೆಯಲ್ಲಿ ಹೇಳುವುದಾದರೆ ಇದು ಬೇಚರಾಕ್ ಗ್ರಾಮವೂ ಅಲ್ಲ, ಏಕೆಂದರೆ ಜನತೆ ಇದ್ದಾರೆ.

ಇನ್ನು ಚೆಕ್ಕುಬಂದಿ. ಉತ್ತರಕ್ಕೆ ದಕ್ಷಿಣ ಡಕೋಟಾದ ಗಡಿ, ದಕ್ಷಿಣಕ್ಕೆ ನಯೋಬ್ರಾರಾ ನದಿ, ಪಶ್ಚಿಮಕ್ಕೆ ಏಳೆಂಟು ಮೈಲಿ ಹೋದರೆ ಲಿಂಚ್ ಎಂಬ ಊರು. ರಾಜ್ಯ ಹೆದ್ದಾರಿ 12ರ ಮಗ್ಗುಲಲ್ಲಿ 0.54 ಚದರ ಕಿಲೋಮೀಟರ್, ಅಂದರೆ ಸುಮಾರು 134 ಎಕರೆ ವಿಸ್ತೀರ್ಣ. ಕೆರೆ ಕುಂಟೆ ಇಲ್ಲ, ಎಲ್ಲವೂ ನೆಲ. ಹೆದ್ದಾರಿಯ ಪಕ್ಕದ ಹಸಿರು ಫಲಕದಲ್ಲಿ ಊರಿನ ಹೆಸರು, ಅದರಡಿ '1' ಎಂಬ ಅಂಕಿ. ಬೇರೆ ಊರುಗಳ ಫಲಕಗಳು ಬರೆದ ಬಣ್ಣ ಒಣಗುವಷ್ಟರಲ್ಲಿ ಸುಳ್ಳಾಗುತ್ತವೆ. ಇದು ವರ್ಷಗಟ್ಟಲೆ ಸತ್ಯವನ್ನೇ ನುಡಿಯಿತು.

ಅಮೆರಿಕದ ಗಣತಿ ಇಲಾಖೆ ಹತ್ತು ವರ್ಷಕ್ಕೊಮ್ಮೆ ಇಡೀ ದೇಶದ ಜನಸಂಖ್ಯೆಯ ಕೇಂದ್ರಬಿಂದುವನ್ನು ಲೆಕ್ಕ ಹಾಕುತ್ತದೆ. 2020ರಲ್ಲಿ ಅದು ಮಿಸ್ಸೌರಿ ರಾಜ್ಯದ ಹಾರ್ಟ್‌ವಿಲ್ ಬಳಿ ಬಿತ್ತು. ದೇಶದ ಕೇಂದ್ರ ಒಂದೊಂದು ದಶಕಕ್ಕೆ ಕೆಲವೇ ಮೈಲಿ ತೆವಳಿದರೆ, ಮೊನೊವೈಯ ಕೇಂದ್ರ ಬೆಳಿಗ್ಗೆ ಮನೆಯಿಂದ ಬಾರಿಗೆ ಹೋಗಿ ರಾತ್ರಿ ಬಾರಿನಿಂದ ಮನೆಗೆ ಮರಳುತ್ತಿತ್ತು. ಜನತೆ ಸಾಮಾನು ತರಲು ಹೊರಟರಂತೂ ಪಟ್ಟಣದ ಜನಸಂಖ್ಯಾ ಕೇಂದ್ರ ಪಟ್ಟಣದ ಹೊರಗೇ ಇರುತ್ತಿತ್ತು. ಭೂಗೋಳಶಾಸ್ತ್ರ ಇದಕ್ಕೆ ಇನ್ನೂ ಉತ್ತರ ಹುಡುಕಬೇಕಾಗಿದೆ.

ಜನಸಾಂದ್ರತೆಯ ವಿಚಾರದಲ್ಲಿ ಓದುಗರು ಅವಸರದ ತೀರ್ಮಾನಕ್ಕೆ ಬರಬಾರದು. 2010ರ ಗಣತಿಯಂತೆ ಚದರ ಕಿಲೋಮೀಟರಿಗೆ 1.9 ಜನ. ಸುತ್ತಲಿನ ಬಾಯ್ಡ್ ಕೌಂಟಿಯಲ್ಲಿ ಸುಮಾರು 1.5. ಅಲಾಸ್ಕಾ ರಾಜ್ಯದಲ್ಲಿ ಸುಮಾರು ಅರ್ಧ ಜನ. ಅಂದಮೇಲೆ ಒಬ್ಬರೇ ಇದ್ದರೂ ಪಟ್ಟಣ ಪಟ್ಟಣವೇ, ಅಲ್ಲಿ ಒತ್ತಡ ಹೆಚ್ಚು. ನಗರೀಕರಣದ ದುಷ್ಪರಿಣಾಮಗಳ ಬಗ್ಗೆ ಚಿಂತಿಸುವವರು ಗಮನಿಸತಕ್ಕದ್ದು.

ಲಿಂಗಾನುಪಾತದ ಪ್ರಶ್ನೆ ಇನ್ನೂ ಜಟಿಲ. ಅಮೆರಿಕನ್ನರು ನೂರು ಹೆಂಗಸರಿಗೆ ಎಷ್ಟು ಗಂಡಸರು ಎಂದು ಎಣಿಸುತ್ತಾರೆ. ಆ ಲೆಕ್ಕದಲ್ಲಿ ಉತ್ತರ ಸೊನ್ನೆ, ಅಲ್ಲಿಗೆ ಮುಗಿಯಿತು. ಭಾರತದ ಜನಗಣತಿ ಸಾವಿರ ಗಂಡಸರಿಗೆ ಎಷ್ಟು ಹೆಂಗಸರು ಎಂದು ಕೇಳುತ್ತದೆ. ನಮ್ಮ ಪದ್ಧತಿಯನ್ನು ಮೊನೊವೈಗೆ ಹಚ್ಚಿದರೆ ಸೊನ್ನೆಯಿಂದ ಭಾಗಿಸಬೇಕಾಗಿ ಬಂದು ಲೆಕ್ಕವೇ ಕೆಟ್ಟು ನಿಲ್ಲುತ್ತದೆ. ಹೆಣ್ಣುಮಕ್ಕಳ ಸಂಖ್ಯೆ ಕುಸಿಯುತ್ತಿದೆ ಎಂದು ನಮ್ಮವರು ಗಣತಿಯಿಂದ ಗಣತಿಗೆ ಕೊರಗುತ್ತಿರುವಾಗ, ಅನಂತ ಲಿಂಗಾನುಪಾತವಿರುವ ಊರೊಂದು ಸದ್ದಿಲ್ಲದೆ ಬರ್ಗರ್ ಬೇಯಿಸುತ್ತಿತ್ತು.

ತಲಾವಾರು ಸೌಲಭ್ಯ ನೋಡಿ ಬೇರೆ ನಗರಗಳು ನಾಚಬೇಕು. ತಲೆಗೆ ನಾಲ್ಕು ಬೀದಿ ದೀಪ. ಜನತೆಯ ತೀರಿಕೊಂಡ ಪತಿಯ ಪುಸ್ತಕಗಳಿಂದ ಕಟ್ಟಿದ ಗ್ರಂಥಾಲಯದಲ್ಲಿ ತಲೆಗೆ ಸುಮಾರು 5,000 ಸಂಪುಟ. 88 ಲಕ್ಷ ಜನರ ನ್ಯೂಯಾರ್ಕ್ ಈ ಮಟ್ಟ ಮುಟ್ಟಬೇಕಾದರೆ ಮೂರೂವರೆ ಕೋಟಿ ದೀಪದ ಕಂಬ ನೆಡಬೇಕು. ಪುಸ್ತಕದ ಲೆಕ್ಕ ಬೇಡವೇ ಬೇಡ.

ಆಡಳಿತದ ಬಗ್ಗೆ ತುಸು ವಿಸ್ತಾರವಾಗಿಯೇ ಹೇಳಬೇಕು. ಬಾರಿನ ಪರವಾನಗಿಗೆ ಜನತೆ ವರ್ಷಕ್ಕೊಮ್ಮೆ ರಾಜ್ಯಕ್ಕೆ ಅರ್ಜಿ ಹಾಕುತ್ತಿದ್ದರು. ರಾಜ್ಯ ಅದನ್ನು ಕ್ರಮಪ್ರಕಾರ ಊರಿನ ಕಾರ್ಯದರ್ಶಿಗೆ ಕಳಿಸುತ್ತಿತ್ತು. ಕಾರ್ಯದರ್ಶಿಯಾಗಿ ಜನತೆ ಲಕೋಟೆ ಒಡೆದು, ಗುಮಾಸ್ತೆಯಾಗಿ ರುಜು ಹಾಕಿ, ಬಾರಿನ ಒಡತಿಯಾಗಿ ಅದನ್ನು ಸ್ವೀಕರಿಸುತ್ತಿದ್ದರು. ದೀಪಕ್ಕೆ, ನೀರಿಗೆ ಬೇಕಾದ ಕಂದಾಯವನ್ನು ತಮ್ಮ ಮೇಲೆ ತಾವೇ ಹಾಕಿ ತಾವೇ ವಸೂಲು ಮಾಡುತ್ತಿದ್ದರು. ರಾಜ್ಯದ ಅನುದಾನಕ್ಕಾಗಿ ವರ್ಷ ವರ್ಷವೂ ರಸ್ತೆ ಯೋಜನೆ ಬರೆದು ಸಲ್ಲಿಸುತ್ತಿದ್ದರು. ಮೇಜಿನಿಂದ ಮೇಜಿಗೆ ಕಡತ ಹೋಗಲು ತಿಂಗಳು ಹಿಡಿಯುವ ಕಚೇರಿಗಳನ್ನು ಕಂಡವರಿಗೆ ಈ ವೇಗ ನಂಬಲಾಗದು. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋಗಬೇಕಾದರೆ ಅಧ್ಯಕ್ಷೆಯೇ ಗೈರುಹಾಜರಾಗಬೇಕು. ಭಿನ್ನಮತ ಇರಲಿಲ್ಲವೆಂದು ಮಾತ್ರ ಹೇಳಲಾರೆ. ತೆರಿಗೆ ಹಾಕುವ ದಿನ ಮೇಯರಿಗೂ ಮತದಾರಳಿಗೂ ನಡುವೆ ಏನು ನಡೆಯುತ್ತಿತ್ತೋ ನಡಾವಳಿ ಪುಸ್ತಕದಲ್ಲಿ ಬರುವುದಿಲ್ಲ.

ತೇಲುವ ಜನಸಂಖ್ಯೆಯನ್ನು ಮರೆಯುವಂತಿಲ್ಲ. ಸುತ್ತಲ ರೈತರು, ಲಾರಿ ಚಾಲಕರು, ಈ ಪಟ್ಟಣವನ್ನೇ ನೋಡಲು ಬಂದ ಪ್ರವಾಸಿಗಳು ಬಾರಿನಲ್ಲಿ ಕೂತು ಮೂರೂವರೆ ಡಾಲರಿನ ಬರ್ಗರ್ ತಿನ್ನುವಾಗ ಜನಸಂಖ್ಯೆ ಹತ್ತು ಹದಿನೈದು ಪಟ್ಟು ಏರಿ, ಬಿಲ್ಲು ಕೊಟ್ಟೊಡನೆ ಕುಸಿಯುತ್ತಿತ್ತು. 2018ರಲ್ಲಿ ಊಟದ ಕಂಪನಿಯೊಂದು ಜಗತ್ತಿನ ಅತಿ ದೊಡ್ಡ ಜಾಹೀರಾತು ಪೋಸ್ಟರನ್ನು ಹಾಸಿದ್ದೂ ಇಲ್ಲಿಯೇ. ಓದಲು ಬರುವವರು ನೂರಕ್ಕೆ ನೂರು ಇರುವ ಊರನ್ನು ಆರಿಸಿಕೊಂಡ ಅವರ ಜಾಣತನ ಮೆಚ್ಚತಕ್ಕದ್ದು.

ಚರಿತ್ರೆ ಚಿಕ್ಕದು. 1902ರಲ್ಲಿ ರೈಲು ಬಂತು, ರೈಲಿನ ಹಿಂದೆ ಊರು ಬಂತು. 1930ರ ಗಣತಿಯಲ್ಲಿ 123 ಜನ. ಆಮೇಲೆ ಟ್ರ್ಯಾಕ್ಟರು ಬಂತು. ಹತ್ತು ಸಂಸಾರ ಉಳುತ್ತಿದ್ದ ನೆಲಕ್ಕೆ ಒಬ್ಬನೇ ಸಾಕಾದ, ಉಳಿದವರ ಮಕ್ಕಳು ನಗರಗಳ ದಾರಿ ಹಿಡಿದರು. 1967ರಲ್ಲಿ ಅಂಚೆ ಕಚೇರಿ ಮುಚ್ಚಿತು, 1974ರಲ್ಲಿ ಶಾಲೆ. 1980ರಲ್ಲಿ 18, 1990ರಲ್ಲಿ 6, 2000ದಲ್ಲಿ ಗಂಡ ಹೆಂಡತಿ ಇಬ್ಬರೇ. 2004ರಲ್ಲಿ ಪತಿ ತೀರಿಕೊಂಡು ಜನಸಂಖ್ಯೆ ಒಂದೇ ದಿನ ಅರ್ಧಕ್ಕೆ ಇಳಿಯಿತು. ಶೇಕಡ ಐವತ್ತು ಎಂದು ಬರೆಯುವಾಗ ಪ್ರಬಂಧಕಾರನ ಲೇಖನಿ ಸ್ವಲ್ಪ ತಡೆಯಿತು.

1902ಕ್ಕೆ ಮುಂಚೆ ಇಲ್ಲಿ ಜನವೇ ಇರಲಿಲ್ಲವೇ? ನಯೋಬ್ರಾರಾ ಮಿಸ್ಸೌರಿ ನದಿಯನ್ನು ಸೇರುವ ಈ ಸೀಮೆ ಅಮೆರಿಕನ್ ಇಂಡಿಯನ್ ಮೂಲನಿವಾಸಿಗಳಾದ ಪೊಂಕಾ ಜನರದು. 1877ರಲ್ಲಿ ಸರ್ಕಾರ ಅವರನ್ನು ದಕ್ಷಿಣಕ್ಕೆ ಅಟ್ಟಿತು. ಅವರ ನಾಯಕ ಸ್ಟ್ಯಾಂಡಿಂಗ್ ಬೇರ್, ಸತ್ತ ಮಗನನ್ನು ತಮ್ಮ ನೆಲದಲ್ಲೇ ಮಣ್ಣು ಮಾಡಬೇಕೆಂದು ನಡೆದು ಬಂದಾಗ ಬಂಧನಕ್ಕೊಳಗಾದರು. ಕಾನೂನಿನ ಕಣ್ಣಿನಲ್ಲಿ ಇಂಡಿಯನ್ ಕೂಡ ಒಬ್ಬ ವ್ಯಕ್ತಿ ಎಂದು ಒಮಾಹಾದ ನ್ಯಾಯಾಲಯ ತೀರ್ಪು ಕೊಟ್ಟದ್ದು 1879ರಲ್ಲಿ. ಒಬ್ಬರನ್ನು ಒಬ್ಬರೆಂದು ಎಣಿಸುವುದು ಈ ಸೀಮೆಯಲ್ಲಿ ಮೊದಲಿನಿಂದಲೂ ತಕರಾರಿನ ವಿಷಯವೇ.

ಕೊನೆಗೆ 2020ರ ಮಹಾಸ್ಫೋಟ. ಆ ವರ್ಷದ ಗಣತಿಯ ಪ್ರಕಾರ ಮೊನೊವೈಯ ಜನಸಂಖ್ಯೆ 2. ದಶಕದ ಬೆಳವಣಿಗೆ ಶೇಕಡ ನೂರು! ಇದೇ ವೇಗದಲ್ಲಿ ಹೋದರೆ 2080ಕ್ಕೆ 128 ಜನರಾಗಿ 1930ರ ವೈಭವ ಮರಳುತ್ತದೆ. ಆದರೆ ಈ ಎರಡನೆಯವರು ಯಾರೆಂದು ಜನತೆಗೇ ಗೊತ್ತಿರಲಿಲ್ಲ. ಗಣತಿ ಇಲಾಖೆಯ ವಿವರಣೆ ಇದು: ಸಣ್ಣ ಊರುಗಳ ಅಂಕಿಗಳಿಂದ ಯಾರು ಯಾರೆಂದು ಪತ್ತೆಯಾಗಿ ಖಾಸಗಿತನಕ್ಕೆ ಭಂಗ ಬಾರದಿರಲೆಂದು ಲೆಕ್ಕಕ್ಕೆ ಬೇಕೆಂದೇ ಅಷ್ಟಿಷ್ಟು ಕಲಬೆರಕೆ ಮಾಡಲಾಗುತ್ತದೆ. ಹೆದ್ದಾರಿಯ ಫಲಕದಲ್ಲೂ ಟಿವಿ ವಾಹಿನಿಗಳಲ್ಲೂ ಮೆರೆದವರನ್ನು ಹೀಗೆ ಗುಂಪಿನಲ್ಲಿ ಮರೆಮಾಡಲಾಯಿತು. ಗುಂಪಿಗೆ ಜನ ಸಾಲದಿದ್ದರಿಂದ ಒಬ್ಬರನ್ನು ಸೃಷ್ಟಿಸಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಕಲಬೆರಕೆ ರಾಜ್ಯಕ್ಕಿಂತ ಕೆಳಗಿನ ಮಟ್ಟಗಳಲ್ಲಿ ಮಾತ್ರ, ಇಡೀ ರಾಜ್ಯದ ಮೊತ್ತವನ್ನು ಮುಟ್ಟುವುದಿಲ್ಲ. ನೆಬ್ರಾಸ್ಕಾದ ಒಟ್ಟು 19,61,504 ಜನ ಎಣಿಸಿದಷ್ಟೇ ಇರಬೇಕು. ಅಂದಮೇಲೆ ಮೊನೊವೈಗೆ ಒಬ್ಬರು ಸೇರಿದ್ದಾರೆಂದರೆ ಅದೇ ರಾಜ್ಯದ ಇನ್ನೆಲ್ಲೋ, ಉಂಡು ಮಲಗಿದ್ದ ಒಬ್ಬರು ಲೆಕ್ಕದಿಂದ ಎದ್ದು ಹೋಗಿದ್ದಾರೆ. ಇದು ಒಳನಾಡ ವಲಸೆ. ಮೂಟೆ ಕಟ್ಟದೆ, ಬಸ್ಸು ಹತ್ತದೆ, ತಮಗೇ ತಿಳಿಯದೆ ಮಾಡಿದ ವಲಸೆ.

ಬಂದವರು ಗಂಡಸಾಗಿದ್ದರೆ ನಮ್ಮ ಲಿಂಗಾನುಪಾತ ಸಾವಿರಕ್ಕೆ ಸಾವಿರವಾಗಿ ಲೆಕ್ಕ ಸರಿಹೋಗುತ್ತದೆ. ಚುನಾವಣೆಯಲ್ಲಿ ಪ್ರತಿಸ್ಪರ್ಧಿ ಸಿಗುತ್ತಾರೆ. ಪುಸ್ತಕ ತಲೆಗೆ 2,500ಕ್ಕೆ ಇಳಿಯುತ್ತದೆ, ದೀಪ ಎರಡಕ್ಕೆ. ಅವರ ಹೆಸರಿನ ಕಂದಾಯ ಬಾಕಿಗೆ ನೋಟಿಸು ಹೊರಡಿಸುವ ಅಧಿಕಾರವೇನೋ ಪುರಸಭೆಗೆ ಇದೆ. ಅಂಟಿಸಲು ಬಾಗಿಲು ಮಾತ್ರ ಮೇಯರಮ್ಮನದೊಂದೇ.