ಮುಪ್ಪಿನಲ್ಲಿ ಮರಳಿದ ಒಲವು

ಪ್ರೇಮವೆಂಬುದು ಕರಿಗೂದಲಿನವರ ಏಕಸ್ವಾಮ್ಯವೆಂದು ಬಗೆದು, ಮೂಗಿನ ಮೇಲೆ ಕನ್ನಡಕ ಏರಿದೊಡನೆ ಹೃದಯಕ್ಕೂ ಪಿಂಚಣಿ ಮಂಜೂರು ಮಾಡಿಬಿಡುವ ಮಹನೀಯರು 2010ರ ‘ಲೆಟರ್ಸ್ ಟು ಜೂಲಿಯೆಟ್’ ಚಿತ್ರವನ್ನು ಅವಶ್ಯವಾಗಿ ನೋಡತಕ್ಕದ್ದು. ವೆರೋನಾ ನಗರದಲ್ಲಿ ಜೂಲಿಯೆಟ್ಟಳದೆಂದು ಪ್ರಸಿದ್ಧವಾದ ಮನೆಯ ಗೋಡೆಯೊಳಗೆ, ಇಟ್ಟಿಗೆಯೊಂದರ ಮರೆಯಲ್ಲಿ 50 ವರ್ಷ ಅಜ್ಞಾತವಾಸವನ್ನು ಅನುಭವಿಸಿದ ಕ್ಲೇರ್ ಎಂಬಾಕೆಯ ಪತ್ರಕ್ಕೆ ಕಡೆಗೊಮ್ಮೆ ಉತ್ತರ ಬರಲಾಗಿ, ಆ ಅಜ್ಜಿ ಮೊಮ್ಮಗನ ಗೊಣಗಾಟವನ್ನು ಲೆಕ್ಕಿಸದೆ ಇಂಗ್ಲೆಂಡಿನಿಂದ ಹೊರಟುಬಂದು ತನ್ನ ಹರೆಯದ ಪ್ರಿಯ ಲೊರೆಂಜೋ ಬಾರ್ತೊಲಿನಿಯನ್ನು ಅರಸತೊಡಗುತ್ತಾಳೆ. ಆದರೆ ಜಾತ್ರೆಯಲ್ಲಿ ‘ರಾಮಣ್ಣಾ’ ಎಂದು ಕೂಗಿದರೆ ಎಷ್ಟು ತಲೆಗಳು ತಿರುಗುವುವೋ, ಆ ಸೀಮೆಯಲ್ಲಿ ಲೊರೆಂಜೋ ಬಾರ್ತೊಲಿನಿಗಳಿಗೂ ಅಷ್ಟೇ ಸಮೃದ್ಧಿ! ಕಟ್ಟಕಡೆಗೆ ನಿಜವಾದ ಲೊರೆಂಜೋ ಪ್ರತ್ಯಕ್ಷನಾಗುವುದಾದರೂ ಕುದುರೆಯ ಮೇಲೆ. ಅದೇ ಪ್ರಾಯದ ನಮ್ಮ ರಾಯರಾಗಿದ್ದರೆ ಮಂಡಿಗೆ ಎಣ್ಣೆ ನೀವಿಸಿಕೊಳ್ಳುತ್ತ, ‘ಬಂದವರು ಯಾರೇ?’ ಎಂದು ಒಳಗಿನಿಂದಲೇ ವಿಚಾರಿಸುತ್ತಿದ್ದರು.

ಇದೆಲ್ಲ ಕಟ್ಟುಕಥೆಯೆಂದು ಮೂಗು ಮುರಿಯುವಂತೆಯೂ ಇಲ್ಲ. ಆ ಜೋಡಿಯಾಗಿ ಅಭಿನಯಿಸಿದ ವನೆಸ್ಸಾ ರೆಡ್‌ಗ್ರೇವ್ ಮತ್ತು ಫ್ರಾಂಕೋ ನೀರೋ, 1967ರಲ್ಲಿ ತೆರೆಕಂಡ ‘ಕ್ಯಾಮೆಲಾಟ್’ ಚಿತ್ರದ ಕಾಲಕ್ಕೆ ಪರಸ್ಪರ ಒಲಿದು, ಆಮೇಲೆ ಅಗಲಿ, 2006ರಲ್ಲಿ ವಿವಾಹವಾದವರು. ಅಸಂಭಾವ್ಯತೆಯ ದೋಷವನ್ನು ಹೊರಿಸಲು ಲೇಖನಿ ಹರಿತಮಾಡಿಕೊಂಡ ವಿಮರ್ಶಕರು, ಇಂಥ ಸಾಕ್ಷಿಗಳೆದುರು ಮೊಕದ್ದಮೆಯನ್ನು ಹಿಂತೆಗೆದುಕೊಳ್ಳುವುದೇ ಲೇಸು.